ಬರೆಯದ ಮಾತಿಗೂ ತಾಲೀಮು ಬೇಕು

ಮಲಪ್ರಭೆಯ ದಂಡೆಯ ಹೊಳೆಆಲೂರು ನಿಲ್ದಾಣದಲ್ಲಿ ಸಂಜೆಯ ಗಾಡಿ ನಿಂತಾಗ ಒಬ್ಬ ಹೆಣ್ಣುಮಗಳು ಇಳಿದು ಬರುತ್ತಾಳೆ. ಕೈಯಲ್ಲೊಂದು ಟ್ರಂಕು, ಹೆಗಲಿಗೊಂದು ಚೀಲ. ಟ್ರಂಕಿನೊಳಗೆ ಜರಿಯ ಸೀರೆ, ಬಣ್ಣದ ಡಬ್ಬಿ, ಗೆಜ್ಜೆ. ತಲೆಯೊಳಗೆ ಹತ್ತಾರು ನಾಟಕಗಳ ಪಾರ್ಟು. ಅವಳನ್ನು ಎದುರುಗೊಳ್ಳಲು ಪಕ್ಕದ ಹಳ್ಳಿಯಿಂದ ನಾಲ್ವರು ಬಂದಿರುತ್ತಾರೆ. ಅವರಲ್ಲೊಬ್ಬ ಅಂದಿನ ರಾತ್ರಿಯ ನಾಟಕದ ನಾಯಕ. ಹಗಲೆಲ್ಲ ಹೊಲದಲ್ಲಿ ದುಡಿದು, ಮುಖ ತೊಳೆದು ಬಂದವನು. ಇಬ್ಬರೂ ಒಬ್ಬರನ್ನೊಬ್ಬರು ಕಂಡದ್ದು ಅದೇ ಮೊದಲು. ಇನ್ನು ಐದಾರು ತಾಸಿನೊಳಗೆ ಅವರು ರಂಗದ ಮೇಲೆ ಗಂಡಹೆಂಡಿರಾಗಿ ಊರ ಜನರೆದುರು ನಿಲ್ಲಬೇಕು!

ರೋಣ, ನರಗುಂದ, ಬಾದಾಮಿ ಸೀಮೆಯ ಹಳ್ಳಿಗಳಿಗೆ ಇಂಥ ದೃಶ್ಯ ಹೊಸದಲ್ಲ. ಜಾತ್ರೆ ಬಂತೆಂದರೆ ಊರ ತರುಣರು ಸೇರಿ ಒಂದು ಸಾಮಾಜಿಕ ನಾಟಕವನ್ನು ಆರಿಸಿಕೊಳ್ಳುವರು. ‘ಸಂಪತ್ತಿಗೆ ಸವಾಲ್’ ಬರೆದ ಧುತ್ತರಗಿಯವರಂಥ ನಾಟಕಕಾರರ ಕೃತಿಗಳು ಈ ಭಾಗದ ಹಳ್ಳಿಹಳ್ಳಿಗಳಲ್ಲಿ ಆಡಲ್ಪಟ್ಟಿವೆ. ಪೇಟಿ ಮಾಸ್ತರು ಬಂದು ದಿನಗಟ್ಟಲೆ ತಾಲೀಮು ಮಾಡಿಸುವರು. ಆದರೆ ಸ್ತ್ರೀಪಾತ್ರಕ್ಕೆ ಕಂಪನಿ ನಾಟಕಗಳಲ್ಲಿ ಪಳಗಿದ ಕಲಾವಿದೆಯನ್ನು ಹೊರಗಿನಿಂದ ಕರೆಸುವುದು ವಾಡಿಕೆ. ಆಕೆಗೆ ನಾಟಕ ಗೊತ್ತು, ನಾಯಕನ ಗುಣ ಗೊತ್ತಿಲ್ಲ. ಅವನಿಗೆ ಪಾರ್ಟು ಬಾಯಿಪಾಠ, ಆದರೆ ಗ್ಯಾಸಿನ ಬತ್ತಿಯೋ ವಿದ್ಯುದ್ದೀಪವೋ ಬೆಳಗಿ, ಎದುರಿಗೆ ಹೆತ್ತ ತಾಯಿಯೇ ಕುಳಿತಿರುವುದನ್ನು ಕಂಡೊಡನೆ ಎಲ್ಲವೂ ಮರೆತುಹೋಗುವ ಭಯ.

ಹಾಗೆ ಮರೆತುಹೋಯಿತೆಂದೇ ಇಟ್ಟುಕೊಳ್ಳೋಣ. ತಮ್ಮನು ಮನೆ ಬಿಟ್ಟು ಹೋದ ಸುದ್ದಿಯನ್ನು ನಾಯಕನು ಹೆಂಡತಿಗೆ ಹೇಳಬೇಕಾದ ಸನ್ನಿವೇಶ. ಅವನ ಬಾಯಿ ಕಟ್ಟಿತು. ಪರದೆಯ ಮಗ್ಗುಲಿನಿಂದ ಮಾತು ಒದಗಿಸುವವನ ದನಿ ಕೇಳಿಸುತ್ತಿಲ್ಲ. ಒಂದು ಗಳಿಗೆ, ಎರಡು ಗಳಿಗೆ. ಹಿಂದಿನ ಸಾಲಿನಲ್ಲಿ ಸಿಳ್ಳು ಎದ್ದಿತು. ಆಗ ಅವಳು ಹತ್ತಿರ ಬಂದು ಅವನ ಮುಖವನ್ನೇ ನೋಡುತ್ತ, “ಯಾಕ್ರೀ, ಮಾರಿ ಸಪ್ಪಗ ಮಾಡೀರಿ? ತಮ್ಮ ಮನಿ ಬಿಟ್ಟು ಹೋದಾ ಅಂತ ಹೇಳಾಕ ನಿಮ್ಮ ನಾಲಿಗಿ ಏಳವಲ್ದೇನು?” ಎನ್ನುವಳು. ಅವನಿಗೆ ಮಾತಿನ ಎಳೆ ಸಿಕ್ಕಿತು. ಅವನ ಗಾಬರಿಯೇ ಅಣ್ಣನ ದುಃಖವಾಗಿ ಕಂಡಿತು. ಮುಂದಿನ ಸಾಲಿನ ಮುದುಕಿಯರು ಸೆರಗಿನಿಂದ ಕಣ್ಣೊರಸಿಕೊಂಡರು. ಆ ಮಾತು ಪುಸ್ತಕದಲ್ಲಿ ಇರಲಿಲ್ಲವೆಂಬುದು ಅವರಾರಿಗೂ ತಿಳಿಯದು.

ಇದಕ್ಕೆ ನಮ್ಮಲ್ಲಿ ಸಮಯಸ್ಫೂರ್ತಿಯೆಂದು ಹೆಸರು. ಈ ಹೆಸರಿನಿಂದಲೇ ಒಂದು ತಪ್ಪು ತಿಳಿವಳಿಕೆ ಹುಟ್ಟಿಕೊಂಡಿದೆ. ಸ್ಫೂರ್ತಿಯೆಂಬುದು ಆಕಾಶದಿಂದ ಇಳಿಯುವಂಥದು, ಅದು ಕೆಲವರಿಗೆ ಹುಟ್ಟಿನಿಂದ ಬರುವುದು, ಉಳಿದವರಿಗೆ ಬಾರದು ಎಂದು ಅನೇಕರ ನಂಬಿಕೆ. ಈ ಕಲೆಯನ್ನು ನೆಚ್ಚಿ ಬದುಕಿದವರ ದಾರಿಯನ್ನು ನೋಡಿದರೆ ಬೇರೆಯೇ ಸಂಗತಿ ಗೋಚರಿಸುತ್ತದೆ. ಬರೆದ ಮಾತಿಗೆ ಎಷ್ಟು ತಾಲೀಮು ಬೇಕೋ ಬರೆಯದ ಮಾತಿಗೆ ಅದರ ಇಮ್ಮಡಿ ಬೇಕು.

ದೂತಿ ಹೇಳಿಕೊಡುವ ಪಾಠ

ಹೊಳೆಆಲೂರಿನಿಂದ ಬಾಗಲಕೋಟೆಯ ಕಡೆಗೆ ಹೋಗುವ ಗಾಡಿ ಹಿಡಿದರೆ ಬಾದಾಮಿ ದೂರವಲ್ಲ. ಅಲ್ಲಿಗೆ ಸಮೀಪದ ಚೊಳಚಗುಡ್ಡದಲ್ಲಿ ಬನಶಂಕರಿಯ ಗುಡಿ. ಪುಷ್ಯಮಾಸದ ಬನದ ಹುಣ್ಣಿಮೆಗೆ ಆರಂಭವಾಗುವ ಜಾತ್ರೆ ವಾರಗಟ್ಟಲೆ ನಡೆಯುವುದು. ನಾಡಿನ ವೃತ್ತಿನಾಟಕ ಕಂಪನಿಗಳು ಅಲ್ಲಿ ಸಾಲಾಗಿ ಡೇರೆ ಹೂಡಿ ಒಂದೇ ರಾತ್ರಿಗೆ ಎರಡು ಮೂರು ಆಟ ಆಡುವುದುಂಟು. ಒಂದು ಡೇರೆಯ ನಗೆ ಪಕ್ಕದ ಡೇರೆಗೆ ಕೇಳಿಸುವಷ್ಟು ಹತ್ತಿರ. ಇಲ್ಲಿನ ನಟರಿಗೆ ಪ್ರೇಕ್ಷಕನು ಕತ್ತಲಲ್ಲಿ ಮೌನವಾಗಿ ಕುಳಿತ ಅತಿಥಿಯಲ್ಲ. ಅವನು ‘ಒನ್ಸ್ ಮೋರ್’ ಎಂದು ಕೂಗುವನು, ಪ್ರಶ್ನೆ ಹಾಕುವನು, ಮೆಚ್ಚಿದರೆ ನಡುವೆಯೇ ಆಯೇರಿ ಮಾಡುವನು. ಕಲಾವಿದೆಯರು ಬರೆಯದ ಮಾತಿನ ತಾಲೀಮು ಪಡೆಯುವುದು ಇಂಥ ಡೇರೆಗಳಲ್ಲಿಯೇ.

ಡೇರೆಯ ನಾಟಕಕ್ಕಿಂತ ಹಳೆಯದು ಶ್ರೀಕೃಷ್ಣ ಪಾರಿಜಾತ. ಅಪರಾಳ ತಮ್ಮಣ್ಣನು ರಚಿಸಿ, ಮುಂದೆ ಕುಲಗೋಡ ತಮ್ಮಣ್ಣನು ಆಟಕ್ಕೆ ಒಗ್ಗಿಸಿದ ಈ ಸಣ್ಣಾಟ ಬೆಳಗಾವಿ, ಬಾಗಲಕೋಟೆಗಳ ಸುತ್ತಿನಲ್ಲಿ ಮನೆಮಾತು. ಕೌಜಲಗಿ ನಿಂಗಮ್ಮನವರಂಥ ಕಲಾವಿದೆಯರಿಂದ ಅದರ ಕೀರ್ತಿ ಬೆಳೆಯಿತು. ನಾರದನು ತಂದ ಪಾರಿಜಾತವನ್ನು ಕೃಷ್ಣನು ರುಕ್ಮಿಣಿಗೆ ಕೊಟ್ಟ, ಸತ್ಯಭಾಮೆ ಮುನಿದಳು, ಕೃಷ್ಣನನ್ನು ಕರೆತರಲು ದೂತಿಯನ್ನು ಅಟ್ಟಿದಳು. ಹಾಡುಗಳು ಗೊತ್ತಾದಂಥವು, ಬದಲಾಗುವಂತಿಲ್ಲ. ದೂತಿಗೂ ಭಾಗವತನಿಗೂ ನಡೆಯುವ ಮಾತುಕತೆ ಮಾತ್ರ ಆಯಾ ರಾತ್ರಿಯದು, ಆಯಾ ಊರಿನದು. ಆ ಊರಿನಲ್ಲಿ ಅಂದು ರೈಲು ತಡವಾಗಿ ಬಂದಿದ್ದರೆ ಸಂವಾದ ಹೀಗೆ ಸಾಗಬಹುದು:

“ಯಾರವಾ ನೀನು? ಎಲ್ಲಿಂದ ಬಂದಿ?”

“ದ್ವಾರಕಾದಿಂದ ಬಂದೇನ್ರಿ ಭಾಗವತರ. ಹೊಳಿಯಾಲೂರ ಟೇಶನ್‌ದಾಗ ಇಳಿದು ನಡಕೋತ ಬಂದೆ.”

“ಇಷ್ಟ್ಯಾಕ ತಡಾ ಮಾಡಿದಿ?”

“ಗಾಡೀನಽ ತಡಾ ಆತ್ರಿ. ನಾ ಬರೂದ್ರಾಗ ನಮ್ಮವ್ವಾರ ಸಿಟ್ಟು ಎರಡು ಟೇಶನ್ ಮುಂದ ಹೋಗಿತ್ತು!”

ಜನ ನಗುವರು, ತಮ್ಮೂರ ರೈಲು ದ್ವಾರಕೆಯ ತನಕ ಹೋಯಿತಲ್ಲ ಎಂಬ ಹಿಗ್ಗು ಅವರದು. ಆದರೆ ಆ ನಾಲ್ಕು ಮಾತುಗಳ ಒಳಗನ್ನು ನೋಡಬೇಕು. ಮೊದಲನೆಯದಾಗಿ, ದೂತಿ ಹೊಸ ಸುಳ್ಳನ್ನು ಹೇಳಿದಾಗ ಭಾಗವತನು “ದ್ವಾಪರದಲ್ಲಿ ರೈಲೆಲ್ಲಿತ್ತು?” ಎಂದು ತಡೆಯಲಿಲ್ಲ, ಅದನ್ನು ಒಪ್ಪಿಕೊಂಡು ಮುಂದಿನ ಪ್ರಶ್ನೆ ಹಾಕಿದ. ಎರಡನೆಯದಾಗಿ, ಅವನ ‘ತಡ’ವೆಂಬ ಶಬ್ದವನ್ನು ದೂತಿ ಕಿವಿಗೊಟ್ಟು ಕೇಳಿ ಅದರಿಂದಲೇ ಉತ್ತರ ಕಟ್ಟಿದಳು. ಮೂರನೆಯದಾಗಿ, ಎಲ್ಲೆಲ್ಲೋ ಅಲೆದ ಮಾತು ಕೊನೆಗೆ ಸತ್ಯಭಾಮೆಯ ಸಿಟ್ಟಿಗೆ, ಎಂದರೆ ಕಥೆಯ ಹಾದಿಗೆ ಮರಳಿತು. ಒಪ್ಪುವುದು, ಕೇಳುವುದು, ಮರಳುವುದು. ಸಮಯಸ್ಫೂರ್ತಿಯ ಮನೆ ನಿಂತಿರುವುದು ಈ ಮೂರು ಕಂಬಗಳ ಮೇಲೆ.

ಕರಾವಳಿಯ ತಾಳಮದ್ದಳೆ ಇದೇ ವಿದ್ಯೆಯ ಇನ್ನೊಂದು ಶಿಖರ. ವೇಷವಿಲ್ಲ, ಕುಣಿತವಿಲ್ಲ. ಭಾಗವತನು ಪದ್ಯ ಹಾಡಿದ ಮೇಲೆ ಅರ್ಥಧಾರಿಗಳು ಕುಳಿತಲ್ಲಿಯೇ ಕೃಷ್ಣನಾಗಿ, ಕೌರವನಾಗಿ ವಾದಿಸುವರು. ಎದುರಾಳಿ ಏನು ಹೇಳುವನೆಂಬುದು ಮೊದಲೇ ತಿಳಿಯದು. ಕಾಸರಗೋಡಿನ ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ಈ ಕಲೆಯಲ್ಲಿ ದೊಡ್ಡ ಹೆಸರು. ಪುರಾಣವನ್ನು ಅರೆದು ಕುಡಿದಿದ್ದರಿಂದಲೇ ಅರ್ಥಧಾರಿಗೆ ಗಳಿಗೆಯಲ್ಲಿ ಮಾತು ಒದಗುವುದು. ಕಂಪನಿ ನಾಟಕದಲ್ಲಿ ಗುಬ್ಬಿ ವೀರಣ್ಣನವರು ‘ಸದಾರಮೆ’ಯ ಕಳ್ಳನಾಗಿ ನಾಡನ್ನೇ ನಗಿಸಿದರು. ಮಾಸ್ಟರ್ ಹಿರಣ್ಣಯ್ಯನವರ (1934–2019) ‘ಲಂಚಾವತಾರ’ವಂತೂ ದಿನಪತ್ರಿಕೆಯ ಸುದ್ದಿಯೊಡನೆ ಬೆಳೆಯುತ್ತಿತ್ತು. ನಿನ್ನೆ ನೋಡಿದವರು ಇಂದು ಮತ್ತೆ ಹೋದರೂ ಹೊಸ ಮಾತು ಕೇಳಿ ಬರುತ್ತಿದ್ದರು.

ಕಡಲಾಚೆಯ ಗರಡಿಗಳು

ಈ ವಿದ್ಯೆ ನಮಗೆ ಮಾತ್ರ ಸೇರಿದ್ದೇನೂ ಅಲ್ಲ. ಹದಿನಾರನೆಯ ಶತಮಾನದ ಇಟಲಿಯಲ್ಲಿ ‘ಕೊಮೆದಿಯಾ ದೆಲ್ಲಾರ್ತೆ’ ಎಂಬ ವೃತ್ತಿಮೇಳಗಳು ಊರೂರು ಸುತ್ತುತ್ತಿದ್ದವು. ಕಥೆಯ ಹಂದರವಷ್ಟೇ ಗೊತ್ತು. ಮಾತೆಲ್ಲ ಸ್ಥಳದಲ್ಲಿಯೇ ಹುಟ್ಟಬೇಕು. ಆದರೆ ಒಬ್ಬೊಬ್ಬ ನಟನೂ ಒಂದೇ ಬಗೆಯ ಪಾತ್ರಕ್ಕೆ ಆಯುಷ್ಯವನ್ನೇ ತೇಯುತ್ತಿದ್ದ. ಜಿಪುಣ ವರ್ತಕ, ಜಂಬದ ಪಂಡಿತ, ಹಸಿದ ಸೇವಕ ಮುಂತಾದ ಪಾತ್ರಗಳಿಗೆ ಹೊಂದುವ ಮಾತುಗಳನ್ನು ಓದಿ, ಬರೆದಿಟ್ಟು, ನೆನಪಿನ ಕಣಜ ತುಂಬಿಕೊಳ್ಳುತ್ತಿದ್ದ. ಕಣಜ ತುಂಬಿದವನಿಗೆ ಅಳೆದು ಕೊಡುವುದು ಕಷ್ಟವೆ?

ಇಪ್ಪತ್ತನೆಯ ಶತಮಾನದಲ್ಲಿ ಈ ಅಭ್ಯಾಸಕ್ಕೆ ಒಂದು ಕ್ರಮ ದೊರೆಯಿತು. ಅಮೆರಿಕದ ಷಿಕಾಗೋ ನಗರದಲ್ಲಿ ವಯೋಲಾ ಸ್ಪೋಲಿನ್ ಎಂಬ ಮಹಿಳೆ ವಲಸೆ ಬಂದ ಬಡವರ ಮಕ್ಕಳಿಗೆ ನಾಟಕ ಕಲಿಸುತ್ತಿದ್ದರು. ಉಪದೇಶದಿಂದ ಬಾರದ ವಿದ್ಯೆ ಆಟದಿಂದ ಬರುವುದೆಂದು ಕಂಡುಕೊಂಡು, ತಾವು ಕಟ್ಟಿದ ಆಟಗಳನ್ನು 1963ರಲ್ಲಿ ಪುಸ್ತಕವಾಗಿ ಹೊರತಂದರು. ಇಂಗ್ಲೆಂಡಿನಲ್ಲಿ ಹುಟ್ಟಿದ ಕೀತ್ ಜಾನ್‌ಸ್ಟನ್ 1979ರ ತಮ್ಮ ಗ್ರಂಥದಲ್ಲಿ, ಇಬ್ಬರು ಎದುರುಬದುರಾದಾಗ ಯಾರು ಮೇಲು ಯಾರು ಕೀಳು ಎಂಬ ಮೌನದ ತೂಗಾಟವೇ ದೃಶ್ಯದ ಜೀವವೆಂದು ತೋರಿಸಿದರು. ಬ್ರೆಜಿಲಿನ ಅಗಸ್ತೊ ಬೋಆಲ್ (1931–2009) ಇನ್ನೊಂದು ಹೆಜ್ಜೆ ಮುಂದೆ ಹೋದರು. ಅವರ ಪದ್ಧತಿಯಲ್ಲಿ ಅನ್ಯಾಯವೊಂದರಲ್ಲಿ ಮುಗಿಯುವ ಕಿರುನಾಟಕವನ್ನು ಆಡಿ, ಅದನ್ನೇ ಮತ್ತೊಮ್ಮೆ ಆಡುವರು. ಪ್ರೇಕ್ಷಕರಲ್ಲಿ ಯಾರೇ ಆಗಲಿ “ನಿಲ್ಲಿಸಿ” ಎಂದು ರಂಗಕ್ಕೆ ಬಂದು, ನೊಂದವನ ಪಾತ್ರವನ್ನು ತಾವೇ ವಹಿಸಿ, ಬೇರೆ ದಾರಿ ಹುಡುಕಬಹುದು. ಎದುರಿನ ನಟನಿಗೆ ಆಗ ಅಗ್ನಿಪರೀಕ್ಷೆ. ಸುಲಭವಾಗಿ ಸೋತರೆ ಆಟ ಸುಳ್ಳಾಗುವುದು. ಹಟದಿಂದ ಗೆದ್ದರೆ ಬಂದವನ ಧೈರ್ಯವೇ ಮುರಿಯುವುದು.

ಕರ್ನಾಟಕದಲ್ಲಿ 1975ರಲ್ಲಿ ಆರಂಭವಾದ ‘ಸಮುದಾಯ’ವು ನಾಟಕವನ್ನು ಬೀದಿಗೆ ತಂದಾಗ ನಟರಿಗೂ ನೋಡುಗರಿಗೂ ನಡುವಿನ ಪರದೆ ಇಲ್ಲವಾಯಿತು. ಸಂತೆಯ ನಡುವೆ ಆಡುವಾಗ ದನ ಅಡ್ಡ ಬರಬಹುದು, ಬಸ್ಸು ಹಾರ್ನು ಹಾಕಬಹುದು, ಮುದುಕನೊಬ್ಬ ಎದ್ದು ವಾದಿಸಬಹುದು. ಅದಕ್ಕೆಲ್ಲ ಸಿದ್ಧನಾಗಿರುವುದೇ ಬೀದಿನಾಟಕದ ನಟನ ಮೊದಲ ಅರ್ಹತೆ.

ಅಭ್ಯಾಸದ ಆಟಗಳು

ಇನ್ನು ಆ ಅಭ್ಯಾಸಗಳು ಯಾವುವು? ದುಬಾರಿ ಸಾಮಗ್ರಿಯೇನೂ ಬೇಡ. ಒಂದು ಪಡಸಾಲೆ, ನಾಲ್ಕು ಜನ, ಅರ್ಧ ತಾಸು ಸಾಕು.

ಮೊದಲನೆಯದು ಕನ್ನಡಿಯಾಟ. ಇಬ್ಬರು ಎದುರುಬದುರಾಗಿ ನಿಲ್ಲುವರು. ಒಬ್ಬನು ನಿಧಾನವಾಗಿ ಕೈ, ತಲೆ, ಮೈ ಆಡಿಸುವನು. ಇನ್ನೊಬ್ಬನು ಕನ್ನಡಿಯ ಬಿಂಬದಂತೆ ಅನುಸರಿಸುವನು. ಅನಂತರ ಅದಲುಬದಲು. ಕೊನೆಗೆ ಮುಂದಾಳು ಯಾರೆಂಬುದನ್ನೇ ಗೊತ್ತು ಮಾಡದೆ ಇಬ್ಬರೂ ಕೂಡಿ ಚಲಿಸಬೇಕು. ಎದುರಿನವರ ಕಣ್ಣಿನಿಂದ ಅವರ ಮುಂದಿನ ಚಲನೆಯನ್ನು ಅರಿಯುವ ಗುಣ ಇದರಿಂದ ಬರುವುದು. ಪಾರ್ಟು ಮರೆತವನ ಮುಖ ನೋಡಿಯೇ ಹೊಳೆಆಲೂರಿನ ಕಡೆಯ ಹಳ್ಳಿಯಲ್ಲಿ ಆ ಕಲಾವಿದೆ ಸಂಗತಿ ತಿಳಿದುಕೊಂಡಳಲ್ಲವೆ?

ಎರಡನೆಯದು ಒಂದೊಂದು ಪದದ ಕಥೆ. ವರ್ತುಲವಾಗಿ ಕುಳಿತು ಒಬ್ಬೊಬ್ಬರು ಒಂದೊಂದೇ ಪದ ಹೇಳಿ ಕಥೆ ಕಟ್ಟಬೇಕು. ‘ಒಂದು’, ‘ಊರಿನಲ್ಲಿ’, ‘ಕುಂಟ’, ‘ಕುದುರೆ’ ಎಂದು ಅದು ಸಾಗುವಾಗ, ಮನಸ್ಸಿನಲ್ಲಿ ಮೊದಲೇ ಹುಲಿಯ ಕಥೆ ಹೂಡಿಕೊಂಡವನು ತಬ್ಬಿಬ್ಬಾಗುವನು. ತನ್ನ ಹಂಚಿಕೆಯನ್ನು ಬಿಟ್ಟುಕೊಡುವ ಪಾಠ ಇದು.

ಮೂರನೆಯದು ‘ಹೌದು, ಅದರ ಮೇಲೆ’ ಎಂಬ ಆಟ. ಒಬ್ಬನು ಏನೇ ಹೇಳಲಿ, ಇನ್ನೊಬ್ಬನು ಅಲ್ಲಗಳೆಯದೆ ‘ಹೌದು, ಅದರ ಮೇಲೆ’ ಎಂದು ಒಂದನ್ನು ಸೇರಿಸಬೇಕು. “ಮಳೆ ಬಂದು ಮಾಳಿಗೆ ಸೋರುತ್ತಿದೆ” ಎಂದರೆ, “ಹೌದು, ಅದರ ಮೇಲೆ ಬೀಗರು ಬೇರೆ ಬಾಗಿಲಿಗೆ ಬಂದಿದ್ದಾರೆ” ಎನ್ನಬೇಕು. ಐದು ಮಾತಾಗುವಷ್ಟರಲ್ಲಿ ಪೂರ್ಣ ಪ್ರಹಸನ ಎದ್ದು ನಿಲ್ಲುವುದು. ದೂತಿಯ ರೈಲಿಗೆ ಭಾಗವತನು ಹಸಿರು ನಿಶಾನೆ ತೋರಿದ್ದು ಇದೇ ಬಗೆಯಲ್ಲಿ.

ನಾಲ್ಕನೆಯದು ಕೊನೆಯ ಪದ ಹಿಡಿಯುವ ಆಟ. ಅಂತ್ಯಾಕ್ಷರಿಯಲ್ಲಿ ಅಕ್ಷರ ಹಿಡಿಯುವಂತೆ ಇಲ್ಲಿ ಎದುರಿನವರ ಮಾತಿನ ಕಟ್ಟಕಡೆಯ ಪದದಿಂದಲೇ ಉತ್ತರವನ್ನು ಆರಂಭಿಸಬೇಕು. ಇತರರ ಮಾತು ಮುಗಿಯುವ ಮೊದಲೇ ನಮ್ಮ ಉತ್ತರವನ್ನು ಸಿದ್ಧಪಡಿಸಿಕೊಳ್ಳುವ ಚಾಳಿ ಎಲ್ಲರಿಗೂ ಇರುವಂಥದು. ಈ ಆಟದಲ್ಲಿ ಕೊನೆಯ ತನಕ ಕೇಳದೆ ಗತ್ಯಂತರವಿಲ್ಲ.

ಐದನೆಯದು ಅರ್ಥವಿಲ್ಲದ ಭಾಷೆ. ಒಬ್ಬನು ಬಾಯಿಗೆ ಬಂದ ಸದ್ದುಗಳಲ್ಲಿ, ಮುಖಭಾವ ಮತ್ತು ಹಾವಭಾವಗಳಿಂದ, ಸೀರೆ ಮಾರುವುದನ್ನೋ ಬಾಡಿಗೆ ಕೇಳುವುದನ್ನೋ ಅಭಿನಯಿಸುವನು; ಇನ್ನೊಬ್ಬನು ಕನ್ನಡದಲ್ಲಿ ಅನುವಾದಿಸುವನು. ಮಾತು ಕೈಕೊಟ್ಟಾಗಲೂ ಮೈ ಕೈಬಿಡದೆಂಬ ಧೈರ್ಯ ಇದರಿಂದ ಮೂಡುವುದು.

ಆರನೆಯದು ಏರಿಳಿತದ ಆಟ. “ಬಾಗಿಲು ಹಾಕು” ಎಂಬ ಒಂದೇ ಮಾತನ್ನು ಊರ ಗೌಡನಾಗಿ, ಸಾಲಗಾರನಾಗಿ, ಹೊಸ ಸೊಸೆಯಾಗಿ, ಅವಳ ಅತ್ತೆಯಾಗಿ ಹೇಳಬೇಕು. ದನಿಗಿಂತ ಮೊದಲು ಬೆನ್ನೂ ಕುತ್ತಿಗೆಯೂ ಬದಲಾಗುವುದನ್ನು ಗಮನಿಸಿದವರಿಗೆ ಜಾನ್‌ಸ್ಟನ್ನರ ಗ್ರಂಥದ ಸಾರ ಅರ್ಧ ತಿಳಿದಂತೆ.

ಏಳನೆಯದು ವಿಘ್ನದ ತಾಲೀಮು. ಚೆನ್ನಾಗಿ ಬರುವ ಒಂದು ದೃಶ್ಯವನ್ನು ಆಡುತ್ತಿರುವಾಗ ಹೊರಗಿನವರು ಬೇಕೆಂದೇ ಅಡ್ಡಿ ಒಡ್ಡುವರು. ದೀಪ ಆರಿಸುವರು, ಮಗುವಿನಂತೆ ಅಳುವರು, ನಾಯಿಯಾಗಿ ರಂಗವನ್ನು ದಾಟುವರು. ನಟರು ವಿಘ್ನವನ್ನು ಕಾಣದವರಂತೆ ನಟಿಸುವಂತಿಲ್ಲ. ಅದನ್ನು ಕಥೆಯೊಳಗೆ ಕರೆದುಕೊಂಡು ಮೂರು ಮಾತಿನೊಳಗೆ ಹಾದಿಗೆ ಮರಳಬೇಕು.

ನಗೆಯ ಅಲಗು

ಇಷ್ಟೆಲ್ಲ ಕಲಿತವನ ಕೈಯಲ್ಲಿ ಒಂದು ಹರಿತವಾದ ಅಲಗು ಬರುತ್ತದೆ. ಪ್ರೇಕ್ಷಕರೊಡನೆ ನೇರವಾಗಿ ಮಾತಾಡುವ ಕಲೆಯ ಅಪಾಯ ಇರುವುದು ಇಲ್ಲಿಯೇ. ರಂಗದ ಮೇಲಿನವನಿಗೆ ಬೆಳಕಿದೆ, ದನಿಯಿದೆ, ಅಭ್ಯಾಸವಿದೆ. ಕೆಳಗೆ ಕುಳಿತವನಿಗೆ ಯಾವುದೂ ಇಲ್ಲ. ಅವನ ಕುಂಟುಕಾಲನ್ನೋ ಬಣ್ಣವನ್ನೋ ಬಡತನವನ್ನೋ ಹಿಡಿದು ಒಂದು ಮಾತೆಸೆದರೆ ಜನ ನಕ್ಕೇ ನಗುವರು. ಆದರೆ ಆ ನಗೆಯ ನಡುವೆ ಒಬ್ಬನು ತಲೆ ತಗ್ಗಿಸಿ ಮನೆಗೆ ಹೋಗುವನು; ಮರುದಿನದಿಂದ ಊರು ಅವನನ್ನು ಅದೇ ಅಡ್ಡಹೆಸರಿನಿಂದ ಕರೆಯುವುದು.

ಜಾತ್ರೆಯ ಡೇರೆಗಳಲ್ಲಿ ದ್ವಂದ್ವಾರ್ಥದ ಹಾಸ್ಯ ಹೆಚ್ಚಿತೆಂಬ ದೂರು ವೃತ್ತಿರಂಗಭೂಮಿಯ ಬೆನ್ನು ಬಿಟ್ಟಿಲ್ಲ. ಸಿನಿಮಾ, ಟೆಲಿವಿಷನ್‌ಗಳ ಪೈಪೋಟಿಯಲ್ಲಿ ಗಲ್ಲಾಪೆಟ್ಟಿಗೆ ತುಂಬಬೇಕಾದ ಕಷ್ಟ ಕಂಪನಿಯವರಿಗೆ ಇಲ್ಲದಿಲ್ಲ. ಆದರೂ ಬಾಯಿಗೆ ಬಂದುದನ್ನು ಆಡುವುದೇ ಸಮಯಸ್ಫೂರ್ತಿಯೆಂದು ತಿಳಿದಲ್ಲಿ ಹೆಂಗಸರೂ ಮಕ್ಕಳೂ ಡೇರೆಯಿಂದ ದೂರ ಸರಿಯುವರು. ಸಂಸಾರಗಳು ದೂರವಾದರೆ ಆ ಕಲೆಗೆ ನಾಳೆಯೆಂಬುದೇ ಇರದು. ಆದುದರಿಂದ ಬಲ್ಲ ನಟನು ಎಂಟನೆಯ ಅಭ್ಯಾಸವೊಂದನ್ನು ಇಟ್ಟುಕೊಳ್ಳುವುದು ಲೇಸು. ಆಟ ಮುಗಿದ ಮೇಲೆ, ‘ಇಂದು ಯಾವ ಮಾತನ್ನು ಆಡದೆ ಬಿಡಬಹುದಿತ್ತು?’ ಎಂದು ತನ್ನನ್ನೇ ಕೇಳಿಕೊಳ್ಳುವುದು. ನಾಲಿಗೆಯ ತುದಿಗೆ ಬಂದುದನ್ನು ನುಂಗುವ ಶಕ್ತಿಯೂ ತಾಲೀಮಿನಿಂದಲೇ ಬರತಕ್ಕದ್ದು.

ಮತ್ತೆ ಆ ಕಲಾವಿದೆಯ ಕಡೆಗೆ ನೋಡೋಣ. ನಾಟಕದ ನಡುವೆ ಕುಡಿದವನೊಬ್ಬನು ಎದ್ದುನಿಂತು ಅವಳನ್ನು ಕುರಿತು ಆಡಬಾರದ ಮಾತಾಡಿದನೆಂದು ಭಾವಿಸಿರಿ. ಪರ ಊರು, ಸರಿರಾತ್ರಿ, ಪರಿಚಯವಿಲ್ಲದ ಜನ. ಬೈದರೆ ಜಗಳ, ಅತ್ತರೆ ಆಟವೇ ನಿಂತಿತು, ಕೇಳದವಳಂತೆ ಇದ್ದರೆ ಅವನಿಗೆ ಇನ್ನಷ್ಟು ಹುರುಪು. ಅವಳು ರಂಗದ ಅಂಚಿಗೆ ಬಂದು, “ಅಣ್ಣಾ, ನಿನ್ನ ತಂಗೀ ಸಂಸಾರದ ಮಾತು ನಡದೈತಿ. ಕುಂತು ಕೇಳು. ಕಡೀಕ ನ್ಯಾಯಾ ನೀನಽ ಹೇಳುವಂತಿ” ಎನ್ನುವಳು. ‘ಅಣ್ಣಾ’ ಎಂಬ ಒಂದು ಮಾತಿನಿಂದ ಅವನು ಅವಳ ತವರಿನವನಾದ. ಊರಿಗೆ ಊರೇ ಆ ಸಂಬಂಧಕ್ಕೆ ಸಾಕ್ಷಿಯಾಯಿತು. ಪಕ್ಕದವರು ಅವನ ತೋಳು ಹಿಡಿದು ಕೂಡಿಸಿದರು. ಅವನ ಮಾನವೂ ಉಳಿಯಿತು, ಅವಳ ಮಾನವೂ ಉಳಿಯಿತು. ಅವಳಿಗೆ ಇದು ವಿನೋದದ ವಿದ್ಯೆಯಲ್ಲ. ಅಂದಿನ ಅನ್ನ, ಮರ್ಯಾದೆ, ಕ್ಷೇಮವಾಗಿ ಮನೆಗೆ ಮರಳುವ ದಾರಿ.

ನಮ್ಮ ನಡುಮನೆಯಲ್ಲಿ

ಸಮಯಸ್ಫೂರ್ತಿಯ ತಾಲೀಮು ನಮ್ಮ ಸಂಸಾರಗಳಿಗೆ ಹೊಸದೆಂದು ತಿಳಿಯಬೇಕಾದುದಿಲ್ಲ. ಉತ್ತರ ಕರ್ನಾಟಕದ ಮದುವೆಯಲ್ಲಿ ಗಂಡನ ಹೆಸರು ಹೇಳೆಂದು ಎಲ್ಲರೂ ಹೊಸ ಮದುಮಗಳನ್ನು ಕಾಡುವಾಗ ಅವಳು ಒಡಪು ಕಟ್ಟಿ, ಪ್ರಾಸದ ಮರೆಯಲ್ಲಿ ಹೆಸರಿಟ್ಟು ಹೇಳುವಳು. ಬೀಗಿತಿಯರು ಹಾಡಿನಲ್ಲಿಯೇ ಒಬ್ಬರನ್ನೊಬ್ಬರು ಕೆಣಕುವರು. ಎದುರಿನವರ ಸೀರೆ, ನಡಿಗೆ, ಊಟ ಎಲ್ಲವೂ ಆ ಗಳಿಗೆಯಲ್ಲಿಯೇ ಹಾಡಿಗೆ ಸೇರುವವು. ಅಲ್ಲಿಯೂ ಒಂದು ಎಲ್ಲೆಯಿದೆ. ಹಾಡು ಮುಗಿದ ಮೇಲೆ ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣುವಂತಿರಬೇಕು. ರಜೆಯ ಸಂಜೆ ಮಕ್ಕಳೊಡನೆ ಪದದ ಕಥೆಯನ್ನೋ ಕನ್ನಡಿಯಾಟವನ್ನೋ ಆಡಿಸಿ ನೋಡಬಹುದು. ಸಂಕೋಚದ ಮಗು ಬಾಯಿ ಬಿಡುವುದು. ಹೆಚ್ಚು ಮಾತಿನ ಮಗು ಕಿವಿಗೊಡಲು ಕಲಿಯುವುದು.

ಅತ್ತ ಮಲಪ್ರಭೆಯ ದಂಡೆಯ ಹಳ್ಳಿಯಲ್ಲಿ ನಾಟಕ ಮುಗಿಯುವ ಹೊತ್ತಿಗೆ ಮೂಡಲು ಕೆಂಪೇರಿರುತ್ತದೆ. ಜನರು ನಾಯಕನ ಬೆನ್ನು ತಟ್ಟಿ, “ಪಾರ್ಟು ಬಾಳ ಚಲೋ ಮಾಡಿದಿ, ತಮ್ಮ ಹೋದ ಸೀನ್‌ನಾಗಂತೂ ಅಳಿಸೇಬಿಟ್ಟಿ” ಎನ್ನುವರು. ಅವನು ನಾಚಿ ನಗುವನು. ಆ ದೃಶ್ಯವನ್ನು ಎತ್ತಿಹಿಡಿದವರು ಯಾರೆಂಬುದು ಊರಿಗೆ ತಿಳಿಯದಿದ್ದರೂ ಅವನಿಗೆ ತಿಳಿದಿದೆ. ಅವಳು ಬಣ್ಣ ತೊಳೆದುಕೊಂಡು ಬೆಳಗಿನ ಗಾಡಿಗೆ ಹೊರಟಾಗ ಟ್ರಂಕನ್ನು ಅವನು ಬೇರೆಯವರ ಕೈಗೆ ಕೊಡುವುದಿಲ್ಲ. ಹೊಳೆಆಲೂರು ನಿಲ್ದಾಣದ ತನಕ ತಾನೇ ಹೊತ್ತು ತಂದು, ಗಾಡಿಯೊಳಗಿಟ್ಟು, ಏನೋ ಹೇಳಹೋಗಿ, ಮತ್ತೆ ಮಾತು ಮರೆತು ನಿಲ್ಲುವನು. ಅವಳು ಕಿಟಕಿಯಿಂದ, “ಮುಂದಿನ ವರ್ಷಕ್ಕ ಬರತೇನಿ, ಪಾರ್ಟು ಪಾಠ ಮಾಡಿಟ್ಟಿರ್ರಿ” ಎನ್ನುವಳು. ಗಾಡಿ ಹೊರಡುವುದು.